ಗಾಳಿಯ ದಾರಿಯಲ್ಲಿ ಎಣ್ಣೆ

ಮೂರನೆಯ ಬಟ್ಟೆಯೂ ಬೆಳ್ಳಗೇ ಹೊರಗೆ ಬಂತು.

ಅದನ್ನು ಹಲಗೆಯ ಮೇಲೆ ಮೊದಲಿನ ಎರಡು ತುಂಡುಗಳ ಪಕ್ಕದಲ್ಲಿ ಹರವಿಟ್ಟೆ. ಹಳೆಯ ಬಿಳಿ ಹೊದಿಕೆಯೊಂದನ್ನು ಅಂಗೈಯಗಲ ಹರಿದು ತಂದಿದ್ದೆ. ಇಂಜಿನ್ನು ಗಾಳಿ ಎಳೆದುಕೊಳ್ಳುವ ದಾರಿಯನ್ನು ಬಾಯಿಂದ ಹೊಟ್ಟೆಯವರೆಗೆ ಗೇಣು ಗೇಣಾಗಿ ಬಿಚ್ಚುತ್ತ, ಪ್ರತಿ ಗೇಣಿಗೂ ಒಂದು ಬಟ್ಟೆ ತೂರಿಸಿ ಒರೆಸುತ್ತ ಬರುವುದು ನನ್ನ ಪದ್ಧತಿ. ಏರ್ ಫಿಲ್ಟರಿನ ಡಬ್ಬಿ ಒಣಗಿತ್ತು. ಅದರ ಮುಚ್ಚಳ ಒಣಗಿತ್ತು. ಅಲ್ಲಿಂದ ಹೊರಟ ರಬ್ಬರು ಪೈಪಿನ ಮೊದಲ ಗೇಣೂ ಒಣಗಿತ್ತು.

"ಇನ್ನೂ ಎಷ್ಟು ಹೊತ್ತು, ಮೇಸ್ತ್ರಿಗಳೇ?" ಇನ್‌ಸ್ಪೆಕ್ಟರ್ ಮೇಡಂ ಷೆಡ್ಡಿನ ಈ ಕಂಬದಿಂದ ಆ ಕಂಬಕ್ಕೆ ನಡೆಯುತ್ತಲೇ ಕೇಳಿದರು. ಬೆಳಗ್ಗೆಯಿಂದ ಅವರು ಕೂತದ್ದನ್ನು ನಾನು ಕಂಡಿಲ್ಲ.

"ಪೈಪು ಎಷ್ಟುದ್ದ ಇದೆಯೋ ಅಷ್ಟು ಹೊತ್ತು, ತಾಯಿ."

"ಮೂರು ಗಂಟೆಗೆ ನಾನು ಕೋರ್ಟಲ್ಲಿರ್ಬೇಕು. ಅಲ್ಲಿ ಕಾಗದ ಕೇಳ್ತಾರೆ, ಹರಕು ಬಟ್ಟೆ ಕೇಳಲ್ಲ."

ಠಾಣೆಯ ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ.

ನಾಲ್ಕು ದಿನದ ಹಿಂದೆ ನೂಲಿನ ಗಿರಣಿಯ ಯಜಮಾನರು ತಮ್ಮದೇ ಅಂಗಳದಲ್ಲಿ ತಮ್ಮದೇ ಕಾರಿಗೆ ಸಿಕ್ಕಿ ಸತ್ತಿದ್ದರು. ಓಡಿಸುತ್ತಿದ್ದ ಡ್ರೈವರು, ಎಲ್ಲರ ಬಾಯಲ್ಲೂ 'ನಿಧಾನಿ', ಈಗ ಲಾಕಪ್ಪಿನಲ್ಲಿದ್ದ. ಕೀ ತಿರುಗಿಸಿ ಆರಿಸಿದೆ, ಆರಿಸಿದ ಮೇಲೆ ಇಂಜಿನ್ನು ತಾನೇ ಕೂಗಿಕೊಂಡು ಹಾರಿತು ಎಂದು ಅವನು ಹೇಳುತ್ತಿದ್ದ. ಕೇಳಿದವರೆಲ್ಲ ನಕ್ಕರು. ಆರಿಸಿದ ಇಂಜಿನ್ನು ಓಡುವುದಾದರೆ ಸತ್ತ ಎತ್ತು ಉಳುತ್ತದೆ ಎಂದರು. ಹಿಂದಿನ ದಿನವಷ್ಟೇ ಯಜಮಾನರು ಅವನನ್ನು ನಾಲ್ಕು ಜನರ ಮುಂದೆ ಬೈದಿದ್ದರಂತೆ. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಮೂರು ಗಂಟೆಯ ಕಾಗದದಲ್ಲಿ 'ಬೇಕೆಂದೇ ಹಾಯಿಸಿದ' ಎಂದು ಬಿದ್ದರೆ ನಿಧಾನಿ ಹೊರಗೆ ಬರುವುದು ಅವನ ಕೂದಲು ನೆರೆತ ಮೇಲೆ. 'ಯಂತ್ರದ ದೋಷ' ಎಂದು ಬಿದ್ದರೆ ಇವತ್ತೇ ಜಾಮೀನು ಸಿಕ್ಕೀತು. ಅದಕ್ಕೇ ನನ್ನನ್ನು ಕರೆಸಿದ್ದರು. ಐವತ್ತು ವರ್ಷ ಇಂಜಿನ್ನಿನೊಳಗೆ ಕೈ ಹಾಕಿದವನು ಎಂಬ ಒಂದೇ ಕಾರಣಕ್ಕೆ. ನನಗೆ ಓದಲು ಬರುವುದು ಸ್ವಲ್ಪ. ಬರೆಯಲು ಬರುವುದು ನನ್ನ ಸಹಿ.

ನಾಲ್ಕನೆಯ ಬಟ್ಟೆ ತೂರಿಸಿದೆ. ಬೆರಳಿಗೆ ತಣ್ಣಗೆ ತಗುಲಿತು. ಹೊರಗೆ ಎಳೆದರೆ ಬಟ್ಟೆಯ ಬಣ್ಣ ಕಾಣಲಿಲ್ಲ. ಕಪ್ಪು ಎಣ್ಣೆ ಹನಿ ಹನಿಯಾಗಿ ಹಲಗೆಯ ಮೇಲೆ ಬಿತ್ತು.

ಮೇಡಂ ನಡಿಗೆ ನಿಂತಿತು.

"ಗಾಳಿ ಹೋಗೋ ಕಡೆ ಎಣ್ಣೆ ಯಾಕಿದೆ?"

"ಇರಬಾರದು. ಅದಕ್ಕೇ ಇಂಜಿನ್ನು ಕೂಗಿದ್ದು." ಕೈ ಒರೆಸಿಕೊಂಡೆ. "ಇದು ಡೀಸೆಲ್ ಗಾಡಿ. ಕೀ ತಿರುಗಿಸಿದರೆ ನಿಲ್ಲೋದು ಡೀಸೆಲ್ಲು ಮಾತ್ರ. ಗಾಳಿ ಜೊತೆ ಎಣ್ಣೆ ಬಂದರೆ ಅದನ್ನೇ ಉರಿಸಿಕೊಂಡು ಓಡುತ್ತೆ. ಉರಿದಷ್ಟೂ ಜೋರಾಗಿ ಎಳೆಯುತ್ತೆ, ಎಳೆದಷ್ಟೂ ಉರಿಯುತ್ತೆ. ಕೀಗೂ ಅದಕ್ಕೂ ಸಂಬಂಧ ಇಲ್ಲ."

"ಅಂದ್ರೆ ಅವನು ಹೇಳಿದ್ದು ನಿಜ?"

"ನಿಜ ಆಗಬಹುದು. ಇವನಿಗೊಂದು ಅಭ್ಯಾಸ. ಆ ಅಂಗಳದಂಥ ಇಳಿಜಾರಿನಲ್ಲಿ ನಿಲ್ಲಿಸುವಾಗ ಒಂದನೇ ಗೇರಿನಲ್ಲೇ ಬಿಟ್ಟು ಕೀ ತೆಗೀತಾನೆ, ಆಮೇಲೆ ಕ್ಲಚ್ಚಿಂದ ಕಾಲು ಎತ್ತುತಾನೆ. ಇಂಜಿನ್ನು ಸದ್ದು ಇಳಿಸಿತು, ಸತ್ತಿತು ಅಂದುಕೊಂಡು ಕಾಲೆತ್ತಿದ. ಅದೇ ಹೊತ್ತಿಗೆ ಅದು ಎಣ್ಣೆ ಕುಡಿದು ಎದ್ದಿತು."

"ಕಾರು ನಿಂತಿದ್ದು ಗೋಡೆ ಕಂಬಕ್ಕೆ ಗುದ್ದಿ. ಅಂಗಳ ತುಂಬ ನೀಲಿ ಹೊಗೆ ಇತ್ತು ಅಂತ ಅಕ್ಕಪಕ್ಕದವರು ಹೇಳಿದಾರೆ." ಮೇಡಂ ಹಣೆ ಒತ್ತಿಕೊಂಡರು. "ಸರಿ. ಎಣ್ಣೆ ಯಾರು ಸುರಿದ್ರು?"

"ಸುರಿದಿದ್ದರೆ ಫಿಲ್ಟರಿನ ಕಡೆಯಿಂದ ಸುರೀಬೇಕು. ಅಲ್ಲಿ ಮೂರು ಬಟ್ಟೆ ಒಣಗಿವೆ. ಡಬ್ಬದ ಎಣ್ಣೆ ಜೇನಿನ ಬಣ್ಣ, ಇದು ಕಾಡಿಗೆ. ಇಂಜಿನ್ನಿನ ಹೊಟ್ಟೆಯೊಳಗೆ ಸುತ್ತಿ ಬಂದ ಎಣ್ಣೆ." ರಬ್ಬರು ಪೈಪಿಗೆ ಪಕ್ಕದಿಂದ ಬಂದು ಸೇರುವ ಸಣ್ಣ ಕೊಳವೆಯನ್ನು ತೋರಿಸಿದೆ. "ಇದು ಇಂಜಿನ್ನಿನ ಹೊಟ್ಟೆ ಉಸಿರು ಬಿಡೋ ಕೊಳವೆ. ಇದು ಸೇರೋ ಜಾಗದ ತನಕ ಒಣಗಿದೆ, ಸೇರಿದ ಮೇಲೆ ಒದ್ದೆ. ಎಣ್ಣೆ ಬಂದದ್ದು ಇದರಿಂದ."

"ಯಾಕೆ ಬಂತು?"

"ಅದನ್ನೇ ಹುಡುಕಬೇಕು."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳ್ಬೇಡಿ, ಮೇಸ್ತ್ರಿಗಳೇ. ತಾನಾಗೇ ಕೆಟ್ಟಿತಾ, ಯಾರಾದ್ರೂ ಕೆಡಿಸಿದ್ರಾ?"

ಕೊಳವೆಯ ಬಾಯಿ ಒರೆಸತೊಡಗಿದೆ. ಗೊತ್ತಿಲ್ಲದ್ದಕ್ಕೆ ಉತ್ತರ ಕೊಟ್ಟು ಒಮ್ಮೆ ಒಬ್ಬನ ಅನ್ನ ಕಳೆದಿದ್ದೇನೆ. ಅದು ಬೇರೆ ಕಥೆ.

ಷೆಡ್ಡಿನ ಬಾಗಿಲಾಚೆ ಕಲ್ಲುಬೆಂಚಿನ ಮೇಲೆ ನಿಧಾನಿಯ ಅಕ್ಕ ಕೂತಿದ್ದಳು. ಯಜಮಾನರ ಮನೆಯ ಅಡಿಗೆ ಕೆಲಸ ಅವಳದು. ನನ್ನ ಮನೆಯಿಂದ ಮೂರು ಬಾಗಿಲು ಆಚೆ ಅವಳ ವಾಸ. ತಮ್ಮನಿಗೆ ತಂದ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕೊಂಡಿಯನ್ನು ಹಾಕುವುದು, ತೆಗೆಯುವುದು, ಹಾಕುವುದು. ನಾನು ನೀರು ಕುಡಿಯಲು ಹೊರಗೆ ಹೋದಾಗ ಎದ್ದು ನಿಂತಳು.

"ದೊಡ್ಡಪ್ಪಾ, ಏನಾದ್ರೂ ಸಿಕ್ತಾ?"

"ಅರ್ಧ ಸಿಕ್ಕಿದೆ, ಮಗಳೇ."

"ಅರ್ಧ ಇಟ್ಕೊಂಡು ಏನ್ ಮಾಡೋದು? ಅವನು ಇರುವೆ ಕಂಡ್ರೆ ಕಾರು ನಿಲ್ಲಿಸ್ತಾನೆ. ಮದುವೆ ಆಗು ಅಂದ್ರೆ ಹತ್ತು ವರ್ಷದಿಂದ ಯೋಚನೆ ಮಾಡ್ತಾ ಕೂತಿದಾನೆ. ಅಂಥವನು ಒಂದು ನಿಮಿಷದಲ್ಲಿ ಕೊಲೆ ಮಾಡ್ತಾನಾ?"

ನಗು ಬಂತು. ಅವಳಿಗೂ ಬಂತು, ಅಳುವಿನ ಜೊತೆಯಲ್ಲೇ.

ಒಂದು ಗಂಟೆಗೆ ಬೋಲ್ಟು ಬಂದ. ನನ್ನ ಕೈಕೆಳಗೆ ಕಲಿತವನು, ಈಗ ಸ್ವಂತ ಗ್ಯಾರೇಜಿನ ಒಡೆಯ. ಕಲಿಯುವ ಕಾಲದಲ್ಲಿ ಇಂಜಿನ್ನು ಜೋಡಿಸಿ ಮುಗಿದ ಮೇಲೆ ದಿನಾ ಒಂದು ಬೋಲ್ಟು ಉಳಿಸುತ್ತಿದ್ದ. ಹೆಸರು ಹಾಗೇ ಉಳಿಯಿತು. ಈ ಕಾರಿನ ಎಣ್ಣೆ ಬದಲಿಸಿದ್ದು ಅವನೇ, ಸಾವಿಗೆ ಆರು ದಿನ ಮುಂಚೆ. ವ್ಯಾನಿನಿಂದ ಇಳಿಯುವ ಮೊದಲೇ ಮಾತು ಶುರುವಾಗಿತ್ತು.

"ಗುರುಗಳೇ, ಮೊದಲೇ ಹೇಳ್ತೀನಿ, ನನ್ನ ಕೆಲಸದಲ್ಲಿ ತಪ್ಪಿಲ್ಲ. ಹಳೇ ಇಂಜಿನ್ನು, ಪಿಸ್ಟನ್ ರಿಂಗ್ ಸವೆದಿರುತ್ತೆ. ಒಳಗಿನ ಬೆಂಕಿ ಹೊಟ್ಟೆಗೆ ನುಗ್ಗಿ ಎಣ್ಣೆನ ಮೇಲಕ್ಕೆ ತಳ್ಳಿರುತ್ತೆ. ಅಷ್ಟೇ."

"ನಿಮ್ಮನ್ನ ಇನ್ನೂ ಏನೂ ಕೇಳಿಲ್ಲ," ಎಂದರು ಮೇಡಂ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

ಬೋಲ್ಟುವಿನ ಮುಖ ಕೆಂಪಾಯಿತು.

"ಗೇಜು ತಂದಿದ್ದೀಯಾ?" ಎಂದೆ.

ತಂದಿದ್ದ. ಇಬ್ಬರೂ ಸೇರಿ ನಾಲ್ಕು ಸಿಲಿಂಡರಿನ ಒತ್ತಡ ಅಳೆದೆವು. ನಾಲ್ಕೂ ಒಂದೇ ತಾಯಿಯ ಮಕ್ಕಳ ಹಾಗೆ ಸಮ. ರಿಂಗು ಸವೆದಿರಲಿಲ್ಲ. ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಟರ್ಬೊದ ಚಕ್ರ ಹಿಡಿದು ಅಲುಗಿಸಿದೆ, ಸಡಿಲವಿರಲಿಲ್ಲ. ಉಸಿರಿನ ಕೊಳವೆಯ ಬಾಯಲ್ಲಿರುವ ಸಣ್ಣ ಕವಾಟ ಬಿಚ್ಚಿ ಊದಿದೆ. ಒಂದು ಕಡೆ ಗಾಳಿ ಹೋಯಿತು, ಇನ್ನೊಂದು ಕಡೆ ತಡೆಯಿತು. ಹೇಗಿರಬೇಕೋ ಹಾಗೇ.

ಒಂದೂ ಮುಕ್ಕಾಲು.

"ಉಳಿದದ್ದು ಒಂದೇ," ಎಂದೆ. "ಎಣ್ಣೆ ಹೆಚ್ಚಾಗಿರಬೇಕು. ಹೊಟ್ಟೆ ಬಿರಿಯ ತಿಂದವನಿಗೆ ತೇಗಿನಲ್ಲಿ ಅನ್ನ ಬರೋ ಹಾಗೆ."

"ನೀವೇ ಹೀಗಂದ್ರೆ ಹೇಗೆ ಗುರುಗಳೇ!" ಬೋಲ್ಟು ಕೂಗಿದ. "ನಾಲ್ಕೂವರೆ ಲೀಟರ್ ಹಾಕಿದೀನಿ. ಡಬ್ಬದಲ್ಲಿ ಅಳೆದು. ನೀವು ಕಲಿಸಿದ ಹಾಗೆ ಮುಂದಿನ ಚಕ್ರದಡಿ ಹಲಗೆ ಕೊಟ್ಟು, ಗಾಡಿ ಸಮ ಮಾಡಿ, ಕಡ್ಡಿ ನೋಡಿದೀನಿ. ನನ್ನ ಗ್ಯಾರೇಜಿಗೆ ಬೀಗ ಹಾಕಿಸ್ಬೇಕು ಅಂತಾನೇ ಬಂದಿದೀರಾ?"

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಮೇಡಂ ಗೊಣಗಿದರು.

"ನನ್ನ ಗ್ಯಾರೇಜಿನ ನೆಲ ಡೊಂಕೇ ಇದೆ, ಮೇಡಂ! ಅದಕ್ಕೇ ಹಲಗೆ ಕೊಟ್ಟೆ ಅಂತಿರೋದು!"

ಅವನು ನೇರ ಬಾನೆಟ್ಟಿನ ಕಡೆ ನಡೆದ. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದ, ಒರೆಸಿದ, ಕೊನೆಯವರೆಗೆ ಇಳಿಸಿದ, ಮತ್ತೆ ಎಳೆದು ಮೇಡಂ ಮೂಗಿನ ಮುಂದೆ ಹಿಡಿದ.

"ನೋಡಿ. ಮೇಲಿನ ಗುರುತಿಗಿಂತ ಒಂದು ಕೂದಲು ಕೆಳಗಿದೆ. ಹೆಚ್ಚಾಗಿದೆಯಾ? ನೀವೇ ಹೇಳಿ."

ಹೆಚ್ಚಾಗಿರಲಿಲ್ಲ. ನಾನೂ ನೋಡಿದೆ. ಮೇಡಂ ನನ್ನ ಮುಖ ನೋಡಿದರು. ರಿಂಗು ಸರಿ, ಟರ್ಬೊ ಸರಿ, ಕವಾಟ ಸರಿ, ಎಣ್ಣೆ ಸರಿ. ಎಲ್ಲ ಸರಿ ಇರುವ ಇಂಜಿನ್ನು ಹುಚ್ಚಾಗಿ ಓಡಿತು ಎಂದು ಯಾವ ಕೋರ್ಟು ನಂಬುತ್ತದೆ?

"ಡ್ರೈವರ್ರು ಸುಳ್ಳು ಹೇಳ್ತಿದಾನೆ ಅಂತ ಬರೀಲಾ?" ಅವರ ದನಿಯಲ್ಲಿ ಕೋಪವಿರಲಿಲ್ಲ. ದಣಿವಿತ್ತು. ಹೊರಗೆ ಜೀಪಿನ ಚಾಲಕ ಗಾಜು ಒರೆಸತೊಡಗಿದ್ದ.

ನಾನು ಸ್ಟೂಲಿನ ಮೇಲೆ ಕೂತೆ. ಆತುರ ಬಂದಾಗ ಕೂರುವುದು ನನಗೆ ರೂಢಿ. ಹಲಗೆಯ ಮೇಲಿನ ಬಟ್ಟೆಗಳನ್ನು ನೋಡಿದೆ. ಬಟ್ಟೆ ಸುಳ್ಳು ಹೇಳುವುದಿಲ್ಲ. ಎಣ್ಣೆ ಬಂದಿದೆ. ಬಂದಿದ್ದರೆ ಹೆಚ್ಚಾಗಿದೆ. ಹೆಚ್ಚಾಗಿಲ್ಲ ಎಂದು ಹೇಳುತ್ತಿರುವುದು ಒಂದೇ ಸಾಕ್ಷಿ.

"ಬೋಲ್ಟೂ, ಅಳತೆ ಡಬ್ಬ ತಗೊಂಡು ಬಾ. ಎಣ್ಣೆ ಇಳಿಸೋಣ."

"ಕಡ್ಡಿ ನೋಡಿದ್ರಲ್ಲ!"

"ಕಡ್ಡಿ ನೋಡಿದೆ. ಇನ್ನು ಎಣ್ಣೆ ನೋಡೋಣ."

ಇಂಜಿನ್ನಿನ ತಳದ ತಿರುಪು ಬಿಚ್ಚಿದಾಗ ಕಪ್ಪು ಎಣ್ಣೆ ಹಗ್ಗದ ಹಾಗೆ ಇಳಿಯಿತು. ಒಂದು ಲೀಟರಿನ ಡಬ್ಬ ತುಂಬಿತು, ಬಕೆಟ್ಟಿಗೆ ಸುರಿದೆವು. ಎರಡು. ಮೂರು. ನಾಲ್ಕು. ನಾಲ್ಕೂವರೆಗೆ ಬೋಲ್ಟು ಬೆನ್ನು ನೆಟ್ಟಗೆ ಮಾಡಿದ, ಕೆಲಸ ಮುಗಿಯಿತು ಎಂಬಂತೆ. ಎಣ್ಣೆ ನಿಲ್ಲಲಿಲ್ಲ. ಐದು. ಅವನು ಮತ್ತೆ ಬಗ್ಗಿದ. ಆರು. ಆರೂ ಕಾಲಿನ ಹತ್ತಿರ ಹಗ್ಗ ದಾರವಾಯಿತು, ದಾರ ಹನಿಯಾಯಿತು.

"ನನ್ನಾಣೆ ಗುರುಗಳೇ," ಎಂದ ಬೋಲ್ಟು. ಈಗ ದನಿ ಪಿಸುಮಾತಾಗಿತ್ತು. "ನಾನು ಹಾಕಿದ್ದು ನಾಲ್ಕೂವರೆ."

"ನಂಬ್ತೀನಿ," ಎಂದೆ. "ನಿಧಾನಿ ಹತ್ರ ಮಾತಾಡ್ಬೇಕು, ತಾಯಿ."

ಲಾಕಪ್ಪಿನ ಕಂಬಿ ಹಿಡಿದು ನಿಂತಿದ್ದ. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಗಾಡಿ ಹೇಗಿದೆ?"

"ಗಾಡಿ ಬಿಡು. ನೀನು ಎಣ್ಣೆ ಹಾಕಿದ್ಯಾ?"

"ಹಾಕಿದೆ. ದಿನಾ ಬೆಳಗ್ಗೆ ಎದ್ದ ತಕ್ಷಣ ಕಡ್ಡಿ ನೋಡ್ತೀನಿ, ಅದು ನಿಮಗೂ ಗೊತ್ತು. ಕಡ್ಡಿ ತುದಿಗೂ ಎಣ್ಣೆ ಸರಿಯಾಗಿ ತಾಗ್ತಿರಲಿಲ್ಲ. ಒಟ್ಟಿಗೆ ಸುರಿಯೋದು ಒಳ್ಳೇದಲ್ಲ ಅಂತ ದಿನಕ್ಕೆ ಅರ್ಧ ಲೀಟರ್. ನಾಲ್ಕು ದಿನ. ನಾಲ್ಕನೇ ದಿನ ಸರಿಯಾಗಿ ಗುರುತಿಗೆ ಬಂತು."

"ಇಷ್ಟು ದಿನದಿಂದ ಇದನ್ನ ಯಾಕೆ ಹೇಳ್ಲಿಲ್ಲ?" ಮೇಡಂ ಕಂಬಿಗೆ ಕೈ ಬಡಿದರು.

ನಿಧಾನಿ ಅವರನ್ನು ಅರ್ಥವಾಗದವನಂತೆ ನೋಡಿದ. "ಕಡಿಮೆಯಾದ್ರೆ ಹಾಕೋದು ಡ್ರೈವರ್ ಕೆಲಸ, ಮೇಡಂ. ಹಲ್ಲುಜ್ಜಿದೆ ಅಂತ ಯಾರಾದ್ರೂ ಹೇಳ್ತಾರಾ?"

"ಎಣ್ಣೆ ಹೀಗೆ ಇಳೀತಿದೆ ಅಂತ ಬೋಲ್ಟುಗೆ ತೋರಿಸ್ಬೇಕಿತ್ತು," ಎಂದೆ.

"ತೋರಿಸ್ತೀನಿ ಅಂದೆ. ಯಜಮಾನ್ರು, ಆಮೇಲೆ ನೋಡೋಣ, ನೀನು ಹಾಕ್ತಾ ಇರು ಅಂದ್ರು."

ನಾಲ್ಕು ಅರ್ಧ ಎರಡು. ನಾಲ್ಕೂವರೆಗೆ ಎರಡು ಸೇರಿದರೆ ಆರೂವರೆ. ಅಂಗಳದಲ್ಲಿ ಹೊಗೆಯಾಗಿ ಹೋದದ್ದು, ಪೈಪಿನಲ್ಲಿ ನಿಂತದ್ದು ಕಾಲು. ಲೆಕ್ಕ ಸರಿಹೋಯಿತು. ಸರಿಹೋದ ಕೂಡಲೇ ಷೆಡ್ಡಿನ ಕಡೆ ತಿರುಗಿದೆ. ಕಾಲಿಗೆ ಮೊದಲ ಬಾರಿ ಅವಸರ ಬಂತು.

"ಬೋಲ್ಟೂ! ನಿನ್ನ ವ್ಯಾನಿನದೂ ಇದೇ ಇಂಜಿನ್ನಲ್ವಾ? ಅದರ ಕಡ್ಡಿ ತೆಗೆ."

ಎರಡೂ ಕಡ್ಡಿಗಳನ್ನು ಬಿಳಿ ಬಟ್ಟೆಯ ಮೇಲೆ ಜೋಡಿಸಿ ಮಲಗಿಸಿದೆ. ಹಿಡಿಯ ಉಂಗುರ ಒಂದೇ ಥರ, ಹಳದಿ ಬಣ್ಣವೂ ಒಂದೇ. ಕುತ್ತಿಗೆ ಒಂದೇ. ತುದಿಗೆ ಬಂದರೆ, ಕಾರಿನ ಕಡ್ಡಿ ಒಂದು ಹೆಬ್ಬೆರಳಿನಗಲ ಗಿಡ್ಡ.

"ಇದು ಈ ಗಾಡಿಯದಲ್ಲ," ಬೋಲ್ಟು ಉಸಿರು ಎಳೆದುಕೊಂಡ. "ನಾನು ನೋಡಿದಾಗ ಇದ್ದದ್ದು ಇದಲ್ಲ."

"ಅಂದ್ರೆ?" ಎಂದರು ಮೇಡಂ.

"ಗಿಡ್ಡ ಕಡ್ಡಿ ಎಣ್ಣೆ ತನಕ ಇಳಿಯಲ್ಲ, ತಾಯಿ. ಎಣ್ಣೆ ಸರಿ ಇದ್ದರೂ ಕಡಿಮೆ ಅನ್ನುತ್ತೆ. ಗುರುತು ಮುಟ್ಟಿಸಬೇಕಾದರೆ ಎರಡು ಲೀಟರ್ ಹೆಚ್ಚು ಸುರೀಬೇಕು. ಅಸಡ್ಡೆ ಡ್ರೈವರ್ ಆಗಿದ್ದರೆ ಕಡ್ಡಿ ಮುಟ್ಟುತ್ತಲೇ ಇರಲಿಲ್ಲ, ಏನೂ ಆಗುತ್ತಿರಲಿಲ್ಲ. ಇವನು ದಿನಾ ನೋಡ್ತಾನೆ, ದಿನಾ ಹಾಕ್ತಾನೆ ಅಂತ ಗೊತ್ತಿದ್ದವರು ಮಾಡಿದ್ದು ಇದು."

ಮೇಡಂ ಕಡೆಗೂ ಕೂತರು. ಜೇಬಿನಿಂದ ಪೆನ್ನು ತೆಗೆದರು. ಎರಡೂ ಇಪ್ಪತ್ತು.

"ಯಾವ ಗಾಡಿ ಕಡ್ಡಿ ಇದು? ಗುರುತು ಹಿಡೀಬಹುದಾ?"

ಎಣ್ಣೆ ಪೂರ್ತಿ ಒರೆಸಿ ಬೆಳಕಿಗೆ ಹಿಡಿದೆ. ಕಾರ್ಖಾನೆ ಒತ್ತಿದ ಮೇಲಿನ ಗುರುತು ಸವೆದು ಮಾಯವಾಗಿತ್ತು. ಅದರ ಜಾಗದಲ್ಲಿ ಕಬ್ಬಿಣ ಉಜ್ಜುವ ಮೂರು ಮೂಲೆಯ ಅರದಿಂದ ಕೊರೆದ ಒಂದು ಸಣ್ಣ ಕಚ್ಚು ಇತ್ತು; ಸ್ವಲ್ಪ ಎಡಕ್ಕೆ ವಾಲಿದ ಕಚ್ಚು. ಬಲಗೈ ಹೆಬ್ಬೆರಳು ಒಮ್ಮೆ ಮುರಿದು ಸೊಟ್ಟಗೆ ಕೂಡಿದವನು ಕೊರೆದರೆ ಹಾಗೆ ವಾಲುತ್ತದೆ.

ನನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಚಿಕೊಂಡೆ.

ಎಂಟು ವರ್ಷವಾಯಿತು. ಯಜಮಾನರ ಹಳೆಯ ಕಾರು, ಇದೇ ಕಂಪನಿಯದು, ಇದಕ್ಕಿಂತ ಹಿಂದಿನ ಮಾದರಿ. ಕಡ್ಡಿಯ ಗುರುತು ಸವೆದಿದೆ ಎಂದು ಅವರೇ ತಂದುಕೊಟ್ಟಿದ್ದರು. ಅವರ ಎದುರಿಗೇ ಕೊರೆದೆ. ಆಮೇಲೆ ಆ ಕಾರು ಗುಜರಿಗೆ ಹೋಗುವಾಗ ನಾನೇ ಬಿಡಿಭಾಗ ಕೊಂಡು, ಮರದ ಪೆಟ್ಟಿಗೆಯಲ್ಲಿ ತುಂಬಿ, ಮನೆಯ ಹಿಂದಿನ ಕೊಠಡಿಯಲ್ಲಿ ಇಟ್ಟಿದ್ದೆ. ಆ ಪೆಟ್ಟಿಗೆ ತೆರೆದು ವರ್ಷವಾಗಿತ್ತು.

"ಮೇಸ್ತ್ರಿಗಳೇ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹೇಳದೆ ಇದ್ದರೆ ಒಳಗೆ ಕಂಬಿ ಹಿಡಿದು ನಿಂತವನಿಗೆ ಏನಾಗುತ್ತದೆ ಎಂಬುದು ಗೊತ್ತಿತ್ತು.

"ಈ ಕಡ್ಡಿ ನನ್ನದು, ತಾಯಿ."

ಬೋಲ್ಟುವಿನ ಕೈಯಿಂದ ಡಬ್ಬ ಜಾರಿತು. ಮೇಡಂ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು.

"ನನ್ನ ಮನೆ ಹಿಂದಿನ ಕೊಠಡೀಲಿತ್ತು. ನಾನು ಕೊಟ್ಟಿಲ್ಲ. ಬೀಗ ಮುರಿದಿಲ್ಲ, ಇವತ್ತು ಬೆಳಗ್ಗೆ ನೋಡಿದೀನಿ."

"ಕೀ ಎಷ್ಟು?"

"ಎರಡು. ಒಂದು ಇಲ್ಲಿದೆ." ಸೊಂಟದ ದಾರ ತೋರಿಸಿದೆ.

"ಇನ್ನೊಂದು?"

ಸತ್ತ ಗಂಡನ ಬಡಗಿ ಸಾಮಾನು ಇಡಲು ಜಾಗವಿಲ್ಲ ಎಂದು ಒಬ್ಬಳು ಬಂದಿದ್ದಳು. ಉಳಿ, ಕರಗಸ, ಮರ ಹೆರೆಯುವ ತೋಪಡಾ ಎಲ್ಲ ಒಂದು ಪೆಟ್ಟಿಗೆ. ಯಾವಾಗ ಬೇಕಾದರೂ ಬಂದು ನೋಡಿಕೊಂಡು ಹೋಗಲಿ ಎಂದು ಕೀ ಕೊಟ್ಟವನು ನಾನೇ. ಆ ಹೆಸರು ಹೇಳುವ ಬದಲು ಸೊಂಟದ ಕೀಯನ್ನು ಮತ್ತೆ ಒಳಗೆ ಸಿಕ್ಕಿಸಿಕೊಂಡೆ.

"ಮೇಸ್ತ್ರಿಗಳೇ, ಇನ್ನೊಂದು ಕೀ ಯಾರ ಹತ್ರ ಇದೆ?"

"ನನ್ನ ಹತ್ರ."

ನಿಧಾನಿಯ ಅಕ್ಕ ಬಾಗಿಲಿನಲ್ಲಿ ನಿಂತಿದ್ದಳು. ಕಣ್ಣು ನನ್ನ ಕೈಯಲ್ಲಿದ್ದ ಕಡ್ಡಿಯನ್ನೇ ನೋಡುತ್ತಿತ್ತು. ಮೊದಲ ಸಲ ಅರ್ಥವಾದವಳ ಹಾಗೆ ಮುಖ ಬಿಳುಪಾಗುತ್ತ ಬಂತು.

"ಅದು... ಅದರಿಂದ ಹೀಗಾಯ್ತಾ, ದೊಡ್ಡಪ್ಪಾ?"

"ನೀವು ತೆಗೆದ್ರಾ?" ಮೇಡಂ ಎದ್ದರು. "ಸರಿಯಾಗಿ ಹೇಳಿ. ತೆಗೆದು ಯಾರಿಗೆ ಕೊಟ್ರಿ?"

"ಕೇಳಿದವರಿಗೆ. ನನಗೇನು ಗೊತ್ತು, ಅದೊಂದು ತಗಡಿನ ಕಡ್ಡಿ. ಹಳೇ ಕಾರಿನದು, ಮರದ ಪೆಟ್ಟಿಗೇಲಿದೆ, ಹಳದಿ ಉಂಗುರ ನೋಡು ಅಂತ ಅವರೇ ಗುರುತು ಹೇಳಿ ಕಳಿಸಿದ್ರು."

"ಯಾರು?"

"ಯಜಮಾನ್ರು."

ಜೀಪು ಹೊರಗೆ ಹಾರ್ನ್ ಹಾಕಿತು. ಯಾರೂ ಆ ಕಡೆ ತಿರುಗಲಿಲ್ಲ.

"ಸತ್ತು ಹೋದ ಯಜಮಾನ್ರಾ?"

"ಹೌದು ಮೇಡಂ. ಅಡಿಗೆಮನೆ ಬಾಗಿಲಲ್ಲಿ ನಿಂತು ಕೈಗೆ ಇಸ್ಕೊಂಡ್ರು. ಯಾರಿಗೂ ಹೇಳ್ಬೇಡ ಅಂದ್ರು. ಎರಡು ಹೆಜ್ಜೆ ಹೋದವರು ಮತ್ತೆ ತಿರುಗಿ ಬಂದು, ನಿನ್ನ ತಮ್ಮನಿಗಂತೂ ಹೇಳಲೇಬೇಡ, ಅವನ ಜೀವ ಉಳೀಬೇಕಾದ್ರೆ, ಅಂದ್ರು."

ಕಡ್ಡಿ ತರಿಸಿದವರೂ ಅವರೇ, ಎಣ್ಣೆ ಹಾಕ್ತಾ ಇರು ಅಂದವರೂ ಅವರೇ, ಕಾರಿನ ಮುಂದೆ ನಿಂತು ಸತ್ತವರೂ ಅವರೇ.